ಹೊತ್ತು ಇಳಿದರೂ ಚೌಕದಲ್ಲಿ ನಿಂತವರು

(ಮತ್ತಾಯನ ಸುವಾರ್ತೆ 20ನೆಯ ಅಧ್ಯಾಯ, 1ರಿಂದ 16 ವಚನಗಳು)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳವರಾದ ನಾವು ಬ್ಯಾಂಕಿನ ಹಲಗೆಯ ಮೇಲೆ ಹೆಸರು ಬದಲಾಗುವದನ್ನು ಅನೇಕ ಸಾರಿ ಕಂಡಿದ್ದೇವೆ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಎನಿಸಿತು. 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕಾವೇರಿ ಬ್ಯಾಂಕಿನೊಂದಿಗೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕೆಂಬ ನಿಯಮದಂತೆ 2025ನೆಯ ಮೇ 1ರಂದು ಧಾರವಾಡದ ವಿಕಾಸ ಬ್ಯಾಂಕೂ ಅದರೊಳಗೆ ಸೇರಿತು. ನಿಜಾಮರ ಆಳಿಕೆಯಲ್ಲಿ 1941ರಲ್ಲಿ ಸ್ಥಾಪಿತವಾದ ಹೈದರಾಬಾದ್ ಬ್ಯಾಂಕಾದರೋ 2017ನೆಯ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು.

ಖಾಯಂ ನೌಕರರನ್ನು ಬಿಡಿಸುವದಿಲ್ಲವೆಂದು ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜವೂ ಹೌದು. ಹೈದರಾಬಾದ್ ಬ್ಯಾಂಕಿನವರಿಗೆ ತಾವಾಗಿ ನಿವೃತ್ತರಾಗುವ ಅವಕಾಶವನ್ನು ಕೊಟ್ಟರು, ಕೆಲವರು ಹೋದರು. ಆದರೆ ಎರಡು ಮನೆಗಳು ಒಂದಾದಾಗ ಒಂದೇ ಬಾಗಿಲು ಸಾಕಾಗುತ್ತದೆ. ಮುಚ್ಚಿದ ಬಾಗಿಲ ಮುಂದೆ ಕಸ ಗುಡಿಸಿ, ನೀರು ತುಂಬಿ, ದಿನಗೂಲಿಯಿಂದ ಜೀವಿಸುತ್ತಿದ್ದವನ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಬಿಡಿಸಲ್ಪಟ್ಟವರ ಎಣಿಕೆಗೆ ಅವನು ಬರುವದಿಲ್ಲ. ಯಾಕಂದರೆ ಇಟ್ಟುಕೊಂಡವರ ಎಣಿಕೆಗೂ ಅವನು ಬಂದಿರಲಿಲ್ಲ.

ಕರ್ತನು ಹೇಳಿದ ಸಾಮ್ಯದಲ್ಲಿ ದ್ರಾಕ್ಷೇತೋಟದ ಯಜಮಾನನು ಮುಂಜಾನೆ ಆಳುಗಳನ್ನು ಕರೆದ ಮೇಲೆ ಸುಮ್ಮನೆ ಕೂತಿರಲಿಲ್ಲ. ಕೆಲಸ ಮುಗಿಯುವದಕ್ಕೆ ಒಂದೇ ತಾಸು ಇರುವಾಗಲೂ ಪುನಃ ಚೌಕಕ್ಕೆ ಹೋದನು. ನಿಂತವರನ್ನು ಕಾರಣ ಕೇಳಿದನು. ಯಾರೂ ಕರೆಯಲಿಲ್ಲವೆಂಬ ಅವರ ಉತ್ತರವನ್ನು ನಂಬಿದನು. ಹೀಗೆ ನಂಬಿದ್ದೇ ನಮಗೆ ಆ ಸಾಮ್ಯದಲ್ಲಿ ದೊಡ್ಡದಾಗಿ ತೋರುತ್ತದೆ. ಕೂಲಿ ಕೊಡುವಾಗ ತಾಸನ್ನು ಅಳೆಯದೆ ದಿನದ ಪೂರಾ ಕೂಲಿಯನ್ನು ಕೊಟ್ಟನು; ಮಕ್ಕಳಿರುವ ಮನೆಗೆ ಒಂದು ತಾಸಿನ ಜೋಳ ಸಾಲುವದೋ?

ನಮ್ಮ ಸಭೆಗಳಲ್ಲಿ ಹೇಗೆ? ಕೆಲಸ ಹೋದವನು ಎರಡು ಭಾನುವಾರ ಆರಾಧನೆಗೆ ಬರುತ್ತಾನೆ. ಮೂರನೆಯ ಭಾನುವಾರ, ಕಾಣಿಕೆಯ ಚೀಲವು ತನ್ನ ಮುಂದೆ ಬರುವಾಗ ಕೈ ಬರಿದೆಂದು ನಾಚಿ, ಮನೆಯಲ್ಲಿಯೇ ಉಳಿಯುತ್ತಾನೆ. ಅವನ ಭಕ್ತಿ ತಣ್ಣಗಾಯಿತೆಂದು ಹೇಳುವವರುಂಟು. ಗುಪ್ತಪಾಪವೇನೋ ಇದ್ದೀತೆಂದು ಪಿಸುಗುಟ್ಟುವವರೂ ಉಂಟು. ಯೋಬನ ಸ್ನೇಹಿತರು ಇಂಥದನ್ನೇ ಮಾತಾಡಿ ದೇವರ ಕೋಪಕ್ಕೆ ಗುರಿಯಾದರು.

ಸಭೆಯ ಹಿರಿಯರೇ, ಚೀಲವನ್ನು ಸಾಲುಸಾಲಾಗಿ ತಿರುಗಿಸುವದನ್ನು ಬಿಟ್ಟು ಬಾಗಿಲ ಬಳಿಯಲ್ಲಿ ಇಡಿರಿ. ಸುಗ್ಗಿಕಾಣಿಕೆಯ ಜೋಳದಲ್ಲಿ ಮೊದಲನೆಯ ಚೀಲವು ಅವನ ಮನೆಗೆ ಹೋಗಲಿ, ಅದೂ ಕತ್ತಲಾದ ಮೇಲೆ. ಓದುಬಲ್ಲ ಯೌವನಸ್ಥರು ಅವನ ಸಂಗಡ ಕೂತು, ಎಷ್ಟು ವರುಷ ಯಾವ ಕೆಲಸ ಮಾಡಿದನೆಂಬದನ್ನು ಬರೆದು, ಅರ್ಜಿ ಹಾಕುವದಕ್ಕೆ ಸಹಾಯಮಾಡಲಿ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ದುಡಿಯುವ ಸಹೋದರರು ಆಳು ಬೇಕೆಂಬ ಮಾತು ಕೇಳಿದ ಕೂಡಲೆ ಕುಷ್ಟಗಿಗೂ ಯಲಬುರ್ಗಾಕ್ಕೂ ಹೇಳಿಕಳುಹಿಸಲಿ.