ಕೂಡಿಹಾಕಿದ ಜೀವಿಗೆ ಕೊಡುವುದು ದಾನವೇ, ಸಾಲವೇ?



ಕಳೆದ ವರ್ಷ ನಮ್ಮ ಮದ್ರಸದ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದಿದ್ದೆವು. ಮೃಗಾಲಯದಲ್ಲಿ ಸುತ್ತಾಡುತ್ತಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬ ಒಂದು ಆವರಣದ ಮುಂದೆ ನಿಂತುಬಿಟ್ಟ. ಅಲ್ಲಿಯ ಫಲಕದಲ್ಲಿ ಆ ಪ್ರಾಣಿಯನ್ನು ದತ್ತು ಪಡೆದವರ ಹೆಸರು ಬರೆದಿತ್ತು. "ಉಸ್ತಾದ್, ದತ್ತು ತೆಗೆದುಕೊಂಡವರು ಇದನ್ನು ಮನೆಗೆ ಯಾಕೆ ಕರೆದುಕೊಂಡು ಹೋಗಿಲ್ಲ?" ಎಂದು ಕೇಳಿದ. ದತ್ತು ಎಂದರೆ ಇಲ್ಲಿ ಅದರ ಆಹಾರದ ಖರ್ಚು ವಹಿಸಿಕೊಳ್ಳುವುದು ಮಾತ್ರ ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾವೂ ಕೊಡಬಹುದಲ್ಲಾ? ಅದಕ್ಕೆ ಸವಾಬ್ ಸಿಗುತ್ತದಾ?" ಎಂದ.

ನಾನು ಉತ್ತರಿಸುವ ಮೊದಲೇ ನಮ್ಮೊಂದಿಗೆ ಬಂದಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. "ಊರಲ್ಲಿ ಮನುಷ್ಯರೇ ಹಸಿದಿರುವಾಗ ಹುಲಿಗೆ ಊಟ ಹಾಕುವುದಾ? ಮೊದಲು ಅನಾಥ ಮಕ್ಕಳನ್ನು ನೋಡಲಿ" ಎಂದರು. ಬಸ್ಸಿನಲ್ಲಿದ್ದ ಹಲವರು ತಲೆದೂಗಿದರು. ಹುಡುಗ ಸುಮ್ಮನಾದ. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಏನಿದು ದತ್ತು?

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಆರಂಭವಾದದ್ದು 1892ರಲ್ಲಿ. ಅರಮನೆಯ ಮೃಗಾಲಯವಾಗಿ ಹುಟ್ಟಿದ ಅದು ಇಂದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿದೆ. ಅದರ ಮುಖ್ಯ ಆದಾಯ ನಾವು ಕೊಡುವ ಪ್ರವೇಶ ಶುಲ್ಕ. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಲ್ಲಿ ಪ್ರಾಣಿಗಳ ದತ್ತು ಯೋಜನೆ ನಡೆದುಬಂದಿದೆ. ಒಂದು ಪ್ರಾಣಿಯ ಆಹಾರ ಮತ್ತು ಪಾಲನೆಯ ಖರ್ಚಿಗೆಂದು ನಿಗದಿಪಡಿಸಿದ ಹಣವನ್ನು ಕಟ್ಟಿದರೆ ಆ ಅವಧಿಗೆ ನೀವು ಅದರ ಪೋಷಕರು. ಆನೆಗೆ ವರ್ಷಕ್ಕೆ ಲಕ್ಷ ರೂಪಾಯಿ ದಾಟಿದರೆ, ಸಣ್ಣ ಹಕ್ಕಿಗೆ ಕೆಲವೇ ಸಾವಿರ ಸಾಕು. ಪ್ರಾಣಿಯ ಒಡೆತನ ನಿಮಗೆ ಬರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಬನ್ನೇರುಘಟ್ಟದ ಉದ್ಯಾನದಲ್ಲೂ ಇಂಥದೇ ವ್ಯವಸ್ಥೆಯಿದೆ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಮೃಗಾಲಯಗಳ ಬಾಗಿಲು ಮುಚ್ಚಿತು. 2021ರಲ್ಲಿ ಮತ್ತೊಮ್ಮೆ ಮುಚ್ಚಿತು. ಪ್ರೇಕ್ಷಕರು ಬರಲಿಲ್ಲ, ಹಣವೂ ಬರಲಿಲ್ಲ. ಆದರೆ ಆನೆಯ ಹೊಟ್ಟೆಗೆ ಲಾಕ್‌ಡೌನ್ ಎಂದರೇನು ಗೊತ್ತು? ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರು ಕಿಲೋಗೂ ಮಿಕ್ಕಿ ಮೇವು ಬೇಕು. ನಮ್ಮಂತೆ ಹೊರಗೆ ಹೋಗಿ ಸಾಲ ಕೇಳಲು ಅದಕ್ಕೆ ಬಾಯಿಲ್ಲ. ಆಗ ಸಾವಿರಾರು ಸಾಮಾನ್ಯ ಜನರು ಮುಂದೆ ಬಂದು ಪ್ರಾಣಿಗಳನ್ನು ದತ್ತು ಪಡೆದರು.

ಬೆಕ್ಕು ಮತ್ತು ನಾಯಿ

ಪ್ರಾಣಿದಯೆಯ ಮಾತು ಬಂದಾಗಲೆಲ್ಲ ನಾವು ಬಾಯಾರಿದ ನಾಯಿಯ ಹದೀಸನ್ನು ನೆನೆಯುತ್ತೇವೆ. ದಾರಿಹೋಕನೊಬ್ಬ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ನಾಯಿಗೆ ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದ. ಮೂಕಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರ ಸೇವೆಯಲ್ಲೂ ಇದೆ ಎಂಬರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ನೀಡಿದರು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ. ಮಾಂಸ ಹರಾಮ್ ಆಗಿರುವ ಪ್ರಾಣಿಗೆ ಉಣಿಸುವುದು ಹರಾಮ್ ಅಲ್ಲ. ನಾಯಿಯ ಮಾಂಸವನ್ನು ನಾವು ತಿನ್ನುವುದಿಲ್ಲ, ಆದರೂ ಅದರ ಬಾಯಾರಿಕೆ ಒಬ್ಬನಿಗೆ ಸ್ವರ್ಗದ ದಾರಿಯಾಯಿತು.

ಆದರೆ ಮೃಗಾಲಯದ ವಿಷಯಕ್ಕೆ ಇನ್ನೂ ಹತ್ತಿರವಾದ ಹದೀಸ್ ಬೇರೆಯೇ ಇದೆ. ಅದು ಬೆಕ್ಕನ್ನು ಕಟ್ಟಿಹಾಕಿದ ಸ್ತ್ರೀಯದು. ಆಕೆ ಬೆಕ್ಕಿಗೆ ಉಣಿಸಲೂ ಇಲ್ಲ, ನೆಲದ ಮೇಲಿನ ಹುಳುಹುಪ್ಪಟೆಯನ್ನಾದರೂ ತಿಂದು ಬದುಕಲೆಂದು ಬಿಡಲೂ ಇಲ್ಲ. ಅದು ಸತ್ತಿತು, ಆಕೆ ನರಕಕ್ಕೆ ಗುರಿಯಾದಳು.

ಈ ಎರಡು ಹದೀಸ್‌ಗಳ ನಡುವಿನ ವ್ಯತ್ಯಾಸವನ್ನು ಗಮನಿಸಿರಿ. ನಾಯಿ ಸ್ವತಂತ್ರವಾಗಿತ್ತು. ಅದರ ಬಾಯಾರಿಕೆಗೆ ಆ ದಾರಿಹೋಕ ಕಾರಣನಲ್ಲ. ಅವನು ಕೊಟ್ಟದ್ದು ಔದಾರ್ಯ. ಬೆಕ್ಕು ಹಾಗಲ್ಲ. ಅದರ ಹಸಿವಿಗೆ ಅದನ್ನು ಕಟ್ಟಿದ ಹಗ್ಗವೇ ಕಾರಣ. ಹಗ್ಗ ಕಟ್ಟಿದ ಕ್ಷಣದಿಂದ ಆಹಾರ ಕೊಡುವುದು ಆಕೆಯ ಮೇಲಿನ ಸಾಲವಾಯಿತು. ಒಂದು ಜೀವಿಯ ಸ್ವಾತಂತ್ರ್ಯವನ್ನು ಕಿತ್ತುಕೊಂಡವನು ಅದರ ಅನ್ನಕ್ಕೆ ಹೊಣೆಗಾರನಾಗುತ್ತಾನೆ. ಹಿಜರಿ ಏಳನೆಯ ಶತಮಾನದ ಮಹಾ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್(ರ) ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿಮಾಡುತ್ತಾ, ಮುಪ್ಪು ಅಥವಾ ರೋಗದಿಂದ ಅದು ಯಾವ ಪ್ರಯೋಜನಕ್ಕೂ ಬಾರದಂತಾದರೂ ಅದರ ಪೋಷಣೆ ನಿಲ್ಲಬಾರದು ಎಂದು ಬರೆದಿದ್ದಾರೆ. ಅವರು ಬಳಸಿದ ಪದ ಹಕ್ಕು ಎಂಬುದನ್ನು ಮರೆಯದಿರೋಣ. ಹಕ್ಕುಳ್ಳವನಿಗೆ ಕೊಡುವುದನ್ನು ದಾನವೆನ್ನಲಾಗದು.

ಒಂದು ಗಿಳಿಯ ನೆನಪು

ಇದನ್ನು ನಾನು ಕಿತಾಬುಗಳಿಂದ ಕಲಿಯುವುದಕ್ಕೆ ಮೊದಲೇ ಕಲಿಯಬೇಕಿತ್ತು. ನಾನು ಎಂಟು ವರ್ಷದವನಿದ್ದಾಗ ನಮ್ಮ ಮನೆಯಲ್ಲಿ ಒಂದು ಗಿಳಿಯಿತ್ತು. ಹಲಸಿನ ಮರದ ಪೊಟರೆಯಿಂದ ಮರಿಯಾಗಿದ್ದಾಗಲೇ ಇಳಿಸಿ ತಂದದ್ದು. ಹೀಗೆ ಗಿಳಿ ಹಿಡಿದು ಸಾಕುವುದು ಕಾನೂನಿನ ಪ್ರಕಾರ ಅಪರಾಧ ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ಅದಕ್ಕೆ ಕಾಳು, ನೀರು ಹಾಕುವ ಕೆಲಸ ನನ್ನದು. ಒಮ್ಮೆ ಚಿಕ್ಕಪ್ಪನ ಮದುವೆಗೆಂದು ಎಲ್ಲರೂ ಮೂರು ದಿನ ಊರಿಗೆ ಹೊರಟೆವು. ಪಕ್ಕದ ಮನೆಯವರಿಗೆ ಹೇಳಿ ಬರಬೇಕಾದವನು ನಾನು. ಹೊಸ ಬಟ್ಟೆಯ ಸಂಭ್ರಮದಲ್ಲಿ ಮರೆತೆ. ಬಸ್ಸಿನಲ್ಲಿ ನೆನಪಾಯಿತು, ಆದರೆ ಬೈಗುಳಕ್ಕೆ ಹೆದರಿ ಯಾರಿಗೂ ಹೇಳಲಿಲ್ಲ.

ಹಿಂತಿರುಗಿ ಬಂದಾಗ ಪಂಜರದ ತಳದಲ್ಲಿ ಹಸುರು ಗರಿಗಳ ಒಂದು ಮುದ್ದೆಯಿತ್ತು. ನೀರಿನ ಬಟ್ಟಲು ಒಣಗಿ ಬಿಳಿಚಿತ್ತು. ಅಮ್ಮ ನನ್ನನ್ನು ಬೈಯಲಿಲ್ಲ. ಮುಂದೆ ಮದ್ರಸದಲ್ಲಿ ಬೆಕ್ಕಿನ ಹದೀಸನ್ನು ಮೊದಲ ಸಲ ಓದಿಸಿದ ದಿನ ನನಗೆ ನಿದ್ದೆ ಬರಲಿಲ್ಲ. ಮಗುವಿನ ಮರೆವಿಗೆ ಶಿಕ್ಷೆಯಿಲ್ಲವೆಂದು ಈಗ ಬಲ್ಲೆ. ಆದರೆ ಬಸ್ಸಿನಲ್ಲಿ ನೆನಪಾದ ಮೇಲೂ ಬಾಯಿ ಮುಚ್ಚಿಕೊಂಡದ್ದು ಮರೆವಲ್ಲ ಎಂಬುದನ್ನೂ ಬಲ್ಲೆ.

ಮನುಷ್ಯ ಮೊದಲಲ್ಲವೇ?

ಇನ್ನು ಹಿರಿಯರ ಆಕ್ಷೇಪಕ್ಕೆ ಬರೋಣ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಝಕಾತಿನ ಎಂಟು ಹಕ್ಕುದಾರರನ್ನು ಅತ್ತೌಬ ಅಧ್ಯಾಯದಲ್ಲಿ ಅಲ್ಲಾಹನೇ ನಿಶ್ಚಯಿಸಿರುವನು. ಅದರಲ್ಲಿ ಮೃಗಾಲಯವಿಲ್ಲ. ಆದ್ದರಿಂದ ಝಕಾತಿನ ಒಂದು ಪೈಸೆಯೂ ಇಲ್ಲಿಗೆ ಹೋಗಬಾರದು. ತನ್ನ ಮನೆಯವರನ್ನು ಉಪವಾಸ ಕೆಡವಿ, ನೆರೆಯವನ ಹಸಿವಿಗೆ ಬೆನ್ನು ತಿರುಗಿಸಿ ಹುಲಿಯ ಪೋಷಕನಾಗುವವನು ಧರ್ಮವನ್ನು ತಿಳಿದವನಲ್ಲ. ಇಷ್ಟನ್ನು ನಿಸ್ಸಂದೇಹವಾಗಿ ಒಪ್ಪುತ್ತೇನೆ.

ಆದರೆ ನಮ್ಮ ಕೈಯಲ್ಲಿ ಉಳಿಯುವ ಹಣವೆಲ್ಲ ಅನಾಥರಿಗೆ ಹೋಗುತ್ತಿದೆಯೇ? ಮದುವೆಯ ಪಂದಲು, ದೀಪಾಲಂಕಾರ, ಎಸೆದು ಮಿಕ್ಕಿದ ಬಿರಿಯಾನಿ ಇವುಗಳ ಮುಂದೆ ನಿಂತಾಗ ನಮಗೆ ಅನಾಥರ ನೆನಪಾಗುವುದಿಲ್ಲ. ಹಕ್ಕಿಗೆ ಕಾಳು ಹಾಕುವವನನ್ನು ಕಂಡಾಗ ಮಾತ್ರ ನೆನಪಾಗುತ್ತದೆ. ಹಾಗಿದ್ದರೆ ಅದು ಅನಾಥರ ಮೇಲಿನ ಪ್ರೀತಿಯೋ, ಕೊಡದಿರಲು ಸಿಕ್ಕಿದ ನೆಪವೋ?

ಇನ್ನೊಂದು ಸಂಗತಿ ನಮಗೆ ಸ್ವಲ್ಪ ಕಹಿಯಾದದ್ದು. ಊರೂರು ಸುತ್ತಿ ಕರಡಿ ಕುಣಿಸುತ್ತಿದ್ದ ಕಲಂದರರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವರು ನಮ್ಮದೇ ಸಮುದಾಯದವರು, ಮುಸ್ಲಿಮರು, ಕಡುಬಡವರು. ಮರಿಕರಡಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಕುಣಿಸುವುದು ತಲೆಮಾರುಗಳಿಂದ ಬಂದ ಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಅದು ದಶಕಗಳ ಕಾಲ ನಿಲ್ಲಲಿಲ್ಲ. ಯಾಕೆಂದರೆ ಕರಡಿ ಹೋದರೆ ಅವರ ಒಲೆ ಆರುತ್ತಿತ್ತು. ಕರಡಿಯನ್ನು ಒಪ್ಪಿಸಿದವನಿಗೆ ಬೇರೆ ಜೀವನೋಪಾಯ, ಅವನ ಮಕ್ಕಳಿಗೆ ಶಾಲೆ ಎಂಬ ಏರ್ಪಾಡು ಮಾಡಿದ ಮೇಲೆಯೇ ಕಸುಬು ನಿಂತಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಆಗ ಹೇಳಲಾದ ರಾಜು 2009ರಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ಸೇರಿತು.

ಇದರಿಂದ ನಾವು ಕಲಿಯುವುದು ಎರಡು ಪಾಠ. ಕರಡಿಯ ಮೂತಿಯ ಹಗ್ಗ ಬಿಚ್ಚಬೇಕಾದರೆ ಕಲಂದರನ ಹೊಟ್ಟೆಯನ್ನೂ ತುಂಬಿಸಬೇಕಾಯಿತು. ಮನುಷ್ಯನ ಮೇಲಿನ ಕರುಣೆ, ಪ್ರಾಣಿಯ ಮೇಲಿನ ಕರುಣೆ ಒಂದೇ ಬಾವಿಯ ನೀರು. ಎರಡನೆಯದಾಗಿ, ಹಾಗೆ ಬಿಡುಗಡೆಯಾದ ಕರಡಿ ಕಾಡಿಗೆ ಹೋಗಿ ಬದುಕಲಾರದು. ಅದಕ್ಕೆ ಹಲ್ಲಿಲ್ಲ, ಬೇಟೆ ತಿಳಿಯದು. ಸಾಯುವವರೆಗೂ ಯಾರಾದರೂ ಅದಕ್ಕೆ ಗಂಜಿ, ಹಣ್ಣು ಕೊಡಬೇಕು. ಆ ಹಲ್ಲುಗಳನ್ನು ಮುರಿದ ಕೈಗಳಲ್ಲಿ ನಮ್ಮವರ ಕೈಗಳೂ ಇದ್ದವು. ನಾಣ್ಯ ಎಸೆದು ಚಪ್ಪಾಳೆ ತಟ್ಟಿದ ಕೈಗಳಂತೂ ನಮ್ಮೆಲ್ಲರವು. ಅದರ ಗಂಜಿಗೆ ನೂರು ರೂಪಾಯಿ ಕೊಟ್ಟು ನಾನು ದಾನಿಯಾದೆನೆಂದು ಎದೆಯುಬ್ಬಿಸುವುದು ಹೇಗೆ?

ಪಂಜರವೇ ತಪ್ಪಲ್ಲವೇ?

"ಹಾಗಾದರೆ ಮೃಗಾಲಯವೇ ಬೇಡ, ಎಲ್ಲವನ್ನೂ ಬಿಟ್ಟುಬಿಡಿ" ಎಂದು ಕೆಲವರು ಹೇಳಿಯಾರು. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಪುಟ್ಟ ಹಕ್ಕಿಯನ್ನು ಕಂಡು, ಅದರ ಮರಿಗಳನ್ನು ಹಿಂದಿರುಗಿಸಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದರು. ಅದೇ ವೇಳೆ ಬಾಲಕ ಅಬೂ ಉಮೈರ್ ಸಾಕಿದ್ದ ಹಕ್ಕಿಯನ್ನು ಅವರು ಆಕ್ಷೇಪಿಸಲಿಲ್ಲ. ಅದು ಸತ್ತಾಗ ಆ ಮಗುವಿನ ದುಃಖದಲ್ಲಿ ಪಾಲ್ಗೊಂಡರು. ಚೆನ್ನಾಗಿ ನೋಡಿಕೊಳ್ಳುವುದಾದರೆ ಹಕ್ಕಿ ಸಾಕುವುದಕ್ಕೆ ಅನುಮತಿಯಿದೆ ಎಂದು ವಿದ್ವಾಂಸರು ಇದರಿಂದ ತೀರ್ಮಾನಿಸಿದರು. ಅನುಮತಿ ಆ ಷರತ್ತಿನ ಮೇಲೆ ನಿಂತಿದೆ.

ಆದುದರಿಂದ ಹಣ ಕೊಡುವವನ ಹೊಣೆ ರಸೀದಿ ಪಡೆಯುವಲ್ಲಿಗೆ ಮುಗಿಯುವುದಿಲ್ಲ. ಆ ಪ್ರಾಣಿಗೆ ಓಡಾಡಲು ಜಾಗವಿದೆಯೇ, ನೆರಳಿದೆಯೇ, ಕಾಯಿಲೆಗೆ ವೈದ್ಯರಿದ್ದಾರೆಯೇ ಎಂದು ಕೇಳುವುದೂ ಅವನ ಕರ್ತವ್ಯ. ಇನ್ನಷ್ಟು ಜೀವಿಗಳನ್ನು ಕಾಡಿನಿಂದ ಹಿಡಿದು ತರಲಿ ಎಂಬುದಕ್ಕೆ ನಮ್ಮ ಹಣ ಸಮ್ಮತಿಯಾಗಬಾರದು. ಈಗಾಗಲೇ ಒಳಗಿರುವ, ಹಿಂದಿರುಗಲಾರದ ಜೀವಗಳು ಹಸಿಯಬಾರದು ಎಂಬುದಕ್ಕೆ ಅದು ಉತ್ತರವಾಗಬೇಕು. ಎಲ್ಲ ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಆಶಯವನ್ನು ಅಲ್‌ಅನ್‌ಆಮ್ ಅಧ್ಯಾಯದ 38ನೇ ಸೂಕ್ತ ತಿಳಿಸುತ್ತದೆ. ಸಮುದಾಯವೊಂದನ್ನು ಸೆರೆಯಲ್ಲಿಟ್ಟವನಿಗೆ ಲೆಕ್ಕ ಕೊಡುವ ದಿನವೊಂದಿದೆ.

ಫಲಕದ ಮೇಲಿನ ಹೆಸರು

ದತ್ತು ಪಡೆದವರ ಹೆಸರನ್ನು ಆವರಣದ ಮುಂದೆ ಬರೆಯುತ್ತಾರೆ. ಇದು ತೋರಿಕೆಯಲ್ಲವೇ? ಬಹಿರಂಗವಾಗಿ ಕೊಡುವ ದಾನವನ್ನೂ ಕುರ್‌ಆನ್ ಒಳ್ಳೆಯದೆಂದಿದೆ, ಗುಟ್ಟಾಗಿ ಬಡವರಿಗೆ ಕೊಡುವುದನ್ನು ಇನ್ನೂ ಉತ್ತಮವೆಂದಿದೆ. ಹೆಸರನ್ನು ನೋಡಿ ಇನ್ನೊಬ್ಬನಿಗೆ ಕೊಡುವ ಮನಸ್ಸಾದರೆ ಆ ಫಲಕವೂ ಒಂದು ಉಪದೇಶ. ಆದರೆ ಹುಟ್ಟುಹಬ್ಬದ ಫೋಟೋಕ್ಕೆ, ಪತ್ರಿಕೆಯ ಸುದ್ದಿಗೆ ಎಂದು ಕೊಟ್ಟರೆ ಪ್ರತಿಫಲ ಆ ಫೋಟೋದಲ್ಲೇ ಮುಗಿಯಿತು. ಸಾಲ ತೀರಿಸಿದವನು ಅದನ್ನು ಗೋಡೆಯ ಮೇಲೆ ಬರೆಸುವುದುಂಟೇ? ಕೊಡುವಾಗ ಇದು ಸಾಲವೆಂದು ನೆನಪಿಟ್ಟರೆ ತೋರಿಕೆಯ ರೋಗ ಅರ್ಧ ಗುಣವಾದೀತು.

ಓದುಗರೇ, ಸಾವಿರಾರು ರೂಪಾಯಿ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ಮೃಗಾಲಯದಲ್ಲಿ ಮಲಗಿದ ಪ್ರಾಣಿಗೆ ಕಲ್ಲು ಎಸೆಯದಿರಲು, ಕೂಗಿ ಕೆಣಕದಿರಲು, ಪ್ಲಾಸ್ಟಿಕ್ ಎಸೆಯದಿರಲು ಹಣ ಬೇಕಾಗಿಲ್ಲ. ನಮ್ಮ ಮನೆಯ ಬಾಗಿಲಲ್ಲೂ ಕಟ್ಟಿದ ಜೀವಗಳಿವೆ. ಬಕ್ರೀದಿಗೆ ಮೂರು ದಿನ ಮೊದಲೇ ತಂದ ಆಡು ಬಿಸಿಲಲ್ಲಿ ನೀರಿಲ್ಲದೆ ನಿಂತಿರುವುದನ್ನು ನೀವು ಕಂಡಿಲ್ಲವೇ? ಕೊಯ್ಯುವಾಗಲೂ ಕತ್ತಿ ಹರಿತವಾಗಿರಲಿ, ಪ್ರಾಣಿಗೆ ನೆಮ್ಮದಿಯಿರಲಿ ಎಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮೈಸೂರಿನ ಆನೆಗೆ ಹಣ ಕಟ್ಟಿ ಅಂಗಳದ ಆಡನ್ನು ಮರೆತರೆ ಏನು ಪ್ರಯೋಜನ?

ಪ್ರವಾಸದಿಂದ ಮರಳಿದ ಮೇಲೆ ಮಕ್ಕಳು ತರಗತಿಯಲ್ಲಿ ಎರಡು ಡಬ್ಬಿ ಇಟ್ಟಿದ್ದಾರೆ. ಒಂದು ನಮ್ಮ ಊರಿನ ಅನಾಥ ಮಗುವಿನ ಪುಸ್ತಕಕ್ಕೆ, ಇನ್ನೊಂದು ಮೃಗಾಲಯದ ಒಂದು ಸಣ್ಣ ಹಕ್ಕಿಗೆ. ಅಂದು ನಕ್ಕ ಹಿರಿಯರು ಒಂದು ದಿನ ಬಂದು ಮೊದಲ ಡಬ್ಬಿಗೆ ನೂರರ ನೋಟು ಹಾಕಿದರು. ಸ್ವಲ್ಪ ಹೊತ್ತು ನಿಂತು, ಜೇಬಿನಿಂದ ಹತ್ತು ರೂಪಾಯಿ ತೆಗೆದು ಎರಡನೆಯದಕ್ಕೂ ಹಾಕಿದರು. ಹಕ್ಕಿಯ ಡಬ್ಬಿ ಇನ್ನೂ ತುಂಬಿಲ್ಲ. ತುಂಬಿದಾಗ ಫಲಕದಲ್ಲಿ ಯಾರ ಹೆಸರು ಬರೆಸುವುದು ಎಂದು ಕೇಳಿದೆ. ಆ ಐದನೆಯ ತರಗತಿಯ ಹುಡುಗ, "ಹೆಸರು ಬೇಡ ಉಸ್ತಾದ್, ನೀರಿನ ಬಟ್ಟಲು ಒಣಗದಿದ್ದರೆ ಸಾಕು" ಎಂದ. ನನ್ನ ಗಿಳಿಯ ಕಥೆಯನ್ನು ನಾನು ಅವರಿಗೆ ಹೇಳಿದ್ದೆ.

ನಮ್ಮ ಅಧೀನದಲ್ಲಿರುವ ಪ್ರತಿಯೊಂದು ಜೀವದ ಹಕ್ಕನ್ನು ತೀರಿಸುವ ಸೌಭಾಗ್ಯವನ್ನು ಕರುಣಾಮಯಿಯಾದ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.