ಮನೆಯ ಕೋಳಿ, ಮೊಟ್ಟೆ ಮತ್ತು ಅಹಿಂಸೆ

ಮೊಟ್ಟೆಗಾಗಿ ಮನೆಯಲ್ಲಿ ಕೋಳಿ ಸಾಕುವುದು ಅಹಿಂಸೆಗೆ ಒಪ್ಪುತ್ತದೆಯೇ ಎಂದು ಕೇಳುವಾಗ ಎರಡು ಪ್ರಶ್ನೆಗಳು ಬೆರೆತುಹೋಗುತ್ತವೆ. ಮೊಟ್ಟೆಯಲ್ಲಿ ಜೀವವಿದೆಯೇ ಎಂಬುದು ಒಂದು. ಮೊಟ್ಟೆ ಇಡುವ ಹೇಂಟೆಯನ್ನು ಹೇಗೆ ನಡೆಸಿಕೊಳ್ಳಲಾಗುತ್ತದೆ ಎಂಬುದು ಇನ್ನೊಂದು. ಹರಿಯಾಣದ ಮಾನೇಸರ್‌ನಂಥ ಕೈಗಾರಿಕಾ ಊರಿನಲ್ಲಿ ಇದು ನೆರೆಹೊರೆಯ ಪ್ರಶ್ನೆಯೂ ಹೌದು. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಹರಿಯಾಣದಲ್ಲಿ 15 ವರ್ಷ ದಾಟಿದವರ ಪೈಕಿ ನೂರಕ್ಕೆ ಸುಮಾರು 69 ಮಂದಿ ಸಸ್ಯಾಹಾರಿಗಳು. ಕರ್ನಾಟಕದಲ್ಲಿ ಸುಮಾರು 21. ದಕ್ಷಿಣದಿಂದ ಕೆಲಸಕ್ಕೆ ಬಂದವರಿಗೆ ಸಹಜವೆನಿಸುವ ಹಿತ್ತಲ ಕೋಳಿಗೂಡು ಪಕ್ಕದ ಮನೆಯವರಿಗೆ ಹಾಗೆ ಕಾಣದಿರಬಹುದು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಅದಕ್ಕೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಹಾಲು ಕುಡಿಯುವವರು ಇಂಥ ಮೊಟ್ಟೆಯನ್ನು ಬೇಡವೆನ್ನಲು ಕಾರಣವಿಲ್ಲವೆಂದು ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಕುರಿತು ಬರೆದ ಪುಸ್ತಕದಲ್ಲಿ ಹೇಳಿದರು. ಮನುಸ್ಮೃತಿಯ ಐದನೆಯ ಅಧ್ಯಾಯ ದ್ವಿಜರಿಗೆ ಊರಕೋಳಿಯನ್ನು ನಿಷೇಧಿಸುವುದು ಬೆಳ್ಳುಳ್ಳಿ, ಅಣಬೆಗಳ ಸಾಲಿನಲ್ಲಿ. ಅಲ್ಲಿರುವುದು ಮಡಿಯ ವಿಚಾರ, ಹಿಂಸೆಯದಲ್ಲ.

ಎರಡನೆಯ ಪ್ರಶ್ನೆಗೆ ಜೈನಧರ್ಮದಲ್ಲಿ ಒಳ್ಳೆಯ ಅಳತೆಗೋಲಿದೆ. ಗೃಹಸ್ಥರ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು. ಫಾರಂಗಳ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸಾಮಾನ್ಯವಾಗಿ ಎ4 ಹಾಳೆಗಿಂತ ಕಡಿಮೆ. ಅಲ್ಲಿ ಕೊಕ್ಕಿನ ತುದಿ ಕತ್ತರಿಸುತ್ತಾರೆ, ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುವ ತಳಿಯನ್ನೇ ಸಾಕುತ್ತಾರೆ. ಹಿತ್ತಲ ನಾಟಿ ಕೋಳಿ ಮಣ್ಣು ಕೆದಕುತ್ತದೆ, ಹುಳು ಹೆಕ್ಕುತ್ತದೆ, ಧೂಳಿನಲ್ಲಿ ಹೊರಳುತ್ತದೆ. ಇಡುವುದು ವರ್ಷಕ್ಕೆ 60-80 ಮೊಟ್ಟೆ. ಅಡುಗೆಮನೆಯ ಉಳಿಕೆ ಅದಕ್ಕೆ ಆಹಾರ, ಅದರ ಹಿಕ್ಕೆ ತರಕಾರಿ ಮಡಿಗೆ ಗೊಬ್ಬರ.

ಹಾಗೆಂದು ಮನೆಯ ಕೋಳಿ ದೋಷಮುಕ್ತವಲ್ಲ. ಜೈನ ಆಚಾರ್ಯ ಹೇಮಚಂದ್ರನ ಯೋಗಶಾಸ್ತ್ರ ಲಾಭಕ್ಕಾಗಿ ಗಿಳಿ, ನಾಯಿ, ಕೋಳಿಗಳನ್ನು ಸಾಕುವುದನ್ನೇ ವರ್ಜ್ಯವೆನ್ನುತ್ತದೆ. ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ. ಮೊಟ್ಟೆ ತಳಿಯ ಹುಂಜಮರಿಗಳನ್ನು ಹ್ಯಾಚರಿಯಲ್ಲೇ ಕೊಲ್ಲುವುದು ವಾಡಿಕೆ. ಅಲ್ಲಿಂದ ಹೇಂಟೆ ಕೊಂಡವರಿಗೂ ಅದರ ಪಾಲು ತಪ್ಪದು. ಎರಡು ಮೂರು ವರ್ಷ ಕಳೆದರೆ ಮೊಟ್ಟೆ ಇಳಿಯುತ್ತದೆ, ಹೇಂಟೆಯ ಆಯಸ್ಸು ಇನ್ನೂ ಉಳಿದಿರುತ್ತದೆ. ಬತ್ತಿದ ಹಸುವಿಗೆ ಗೋಶಾಲೆಯಾದರೂ ಇದೆ. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಹಕ್ಕಿಗಳ ಆಸ್ಪತ್ರೆ ಗಾಯಗೊಂಡ ಹಕ್ಕಿಗಳಿಗೆ ಶುಶ್ರೂಷೆ ಮಾಡುತ್ತದೆ. ಮುದಿ ಹೇಂಟೆಯ ಹೊಣೆ ಮಾತ್ರ ಸಾಕಿದವರದೇ.

ಹೊಣೆ ಮನುಷ್ಯರ ಕಡೆಗೂ ಇದೆ. 2021ರ ಜನವರಿಯಲ್ಲಿ ಹರಿಯಾಣದ ಪಂಚಕುಲಾ ಜಿಲ್ಲೆಯ ಫಾರಂಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಹರಿಯಾಣದ ಬಾಲಕನೊಬ್ಬ ಹಕ್ಕಿಜ್ವರದಿಂದ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ. ಗೂಡು ಶುಚಿಯಾಗಿರಬೇಕು, ಹಿಕ್ಕೆ ಮುಟ್ಟಿದ ಕೈ ತೊಳೆಯಬೇಕು, ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಎತ್ತಬಾರದು. ಕೋಳಿಯ ಕಡೆಗಿನ ಹೊಣೆಯನ್ನೂ ಮರೆಯುವಂತಿಲ್ಲ: ಮೇ-ಜೂನ್ ತಿಂಗಳ 45 ಡಿಗ್ರಿ ಸಮೀಪದ ಬಿಸಿಲಿನಲ್ಲಿ ನೆರಳು, ನೀರು ಇಲ್ಲದ ತಗಡಿನ ಗೂಡು ಐದನೆಯ ಅತಿಚಾರಕ್ಕೆ ಸಮ.

ಆದ್ದರಿಂದ ಅಹಿಂಸೆಯ ತೀರ್ಮಾನ ಮೊಟ್ಟೆಯ ಮೇಲೆ ನಿಲ್ಲುವುದಿಲ್ಲ. ಮೊಟ್ಟೆ ನಿಂತ ಹೇಂಟೆಗೂ ಹುಂಜಮರಿಗೂ ಕೊನೆತನಕ ಕಾಳು ಹಾಕಬಲ್ಲವರ ಮನೆಯಲ್ಲಿ ಕೋಳಿ ಸಾಕಣೆ ಅಣುವ್ರತದ ಹತ್ತಿರ ಬರುತ್ತದೆ; ಅಷ್ಟು ಆಗದವರು ಸಾಕದಿರುವುದೇ ಮೇಲು.