ಪದವಿಯಿಲ್ಲದ ಕಲಿಕೆ ವ್ಯರ್ಥವೇ?

ಮಕ್ಕಳನ್ನೆಲ್ಲ ಓದಿಸಿ ಮುಗಿಸಿದ ದೊಡ್ಡಬಳ್ಳಾಪುರದ ತಾಯಿಯೊಬ್ಬರು, ಮಗ್ಗದ ಸದ್ದಿನ ನಡುವೆ, ಕೆಲವು ತಿಂಗಳ ಕೋರ್ಸಿಗೆಂದು ವಿಶ್ವವಿದ್ಯಾಲಯದ ಅರ್ಜಿ ತುಂಬುತ್ತಿದ್ದಾರೆಂದು ಭಾವಿಸಿರಿ. “ಈ ವಯಸ್ಸಿನಲ್ಲಿ ಇದರಿಂದೇನು ಲಾಭ?” ಎಂದು ಮನೆಯವರು ಕೇಳದಿರುವರೇ?

ದಾರಿಗಳೇನೋ ತೆರೆದಿವೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳಿವೆ. 2017ರಲ್ಲಿ ಆರಂಭವಾದ ‘ಸ್ವಯಂ’ ತಾಣದಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಆದರೆ ಒಪ್ಪಿಗೆ ಮನೆಯೊಳಗಿಂದಲೇ ಬರಬೇಕು.

ಮಗ್ಗ ನಿಂತರೆ ಕೂಲಿಯೂ ನಿಲ್ಲುವುದು. ಆ ಚಿಂತೆ ತಪ್ಪಲ್ಲ. ಆದರೂ ಮಗನ ಓದಿಗೆ ಸಾಲ ಮಾಡಿದ ನಾವು ತಾಯಿಯ ಓದಿಗೆ ಲಾಭದ ಲೆಕ್ಕ ಕೇಳುವುದು ನ್ಯಾಯವೇ? ಅರಿಯುವ ಹಂಬಲ ಸಂಬಳಕ್ಕಾಗಿ ಮಾತ್ರ ಹುಟ್ಟುವುದಿಲ್ಲ. ಇಂದು ಸಂಜೆ ಅವರ ಒಂದು ಗಂಟೆಯ ಕೆಲಸವನ್ನು ನಾವು ವಹಿಸಿಕೊಳ್ಳೋಣ.